ಲಾರಿಗೆ ಜೀಪಿನ ಹೆಡ್ಡು ಕೂರಿಸಿದ ಕತೆ

ತುಮಕೂರಿನ ಮರಳೂರಿನಲ್ಲಿ ಪುಟ್ಟರಂಗಯ್ಯನ ಗ್ಯಾರೇಜಿಗೆ ಗಾಡಿ ರಿಪೇರಿಗೆ ಬರುವವರು ಎಷ್ಟು ಜನವೋ, ಬರೀ ಕತೆ ಕೇಳಲು ಬರುವವರು ಅದರ ಎರಡರಷ್ಟು. ಕ್ಲಚ್ ಪ್ಲೇಟ್ ಹಾಕುವಷ್ಟರಲ್ಲಿ ಆತ ಒಂದು ಕತೆ ಮುಗಿಸುತ್ತಿದ್ದ. ಗೇರ್‌ಬಾಕ್ಸ್ ಇಳಿಸುವ ಕೆಲಸವಾದರೆ ಮೂರು. ಎಲ್ಲದರಲ್ಲೂ ದೊಡ್ಡದು, ಜನ ಕೇಳಿದ್ದನ್ನೇ ಮತ್ತೆ ಕೇಳಿ ಹೇಳಿಸಿಕೊಳ್ಳುತ್ತಿದ್ದದ್ದು, ಲಾರಿಗೆ ಜೀಪಿನ ಹೆಡ್ಡು ಕೂರಿಸಿದ ಕತೆ.

"ಮಿಲಿಟರಿಯೋರು ಹರಾಜು ಹಾಕಿದ್ ಪೆಟ್ರೋಲ್ ಲಾರಿ ಕಣ್ರಪ್ಪ," ಎಂದು ಶುರುವಾಗುತ್ತಿತ್ತು ಅದು. "ಕುಣಿಗಲ್ ಕಡೆ ಕಲ್ಲುಚಪ್ಡಿ ಹೊಡೀತಿತ್ತು. ಹುಲಿಯೂರುದುರ್ಗದ ಏರು ಬಂತು ಅಂದ್ರೆ ಮುದುಕಿ ಮೆಟ್ಲು ಹತ್ದಂಗೆ. ಎರಡೆಜ್ಜೆ ಇಡದು, ನಿಂತ್ಕಳದು, ಉಸ್ರು ಬುಡದು. ನಾನೇನ್ ಮಾಡ್ದೆ? ಅದೇ ಎಂಜಿನ್ನು ಮಿಲಿಟರಿ ಜೀಪ್ಗೂ ಇತ್ತು. ಜೀಪಿನ್ ಹೆಡ್ ತಂದೆ, ಲಾರಿ ಹೆಡ್ ಬಿಚ್ದೆ, ಇದುನ್ನ ಕೂರುಸ್ದೆ. ಕಂಪ್ರೆಷನ್ ಎಂಗೇರ್ತು ಅಂದ್ರೆ, ಮೊದಲ್ನೇ ದಿನ ಏರು ಹತ್ತೋವಾಗ ಡ್ರೈವರ್ ಬಾಯಿಂದ ಬೀಡಿ ಬಿತ್ತು. ಬಗ್ಗಿ ಎತ್ಕಳೋ ಅಷ್ಟ್ರಲ್ಲಿ ಲಾರಿ ಏರು ಹತ್ತಿ, ಇಳ್ದು, ಮದ್ದೂರು ದಾಟಿತ್ತು! ಸೈಲೆನ್ಸರ್ ಗಾಳಿಗೆ ಹಿಂದೆ ಬರ್ತಿದ್ದ ಸೈಕಲ್ನೋನ್ ಪಂಚೆ ಹಾರೋಯ್ತು. ಯಡಿಯೂರಲ್ಲಿ ಸಿಕ್ತು. ಇಸ್ತ್ರಿ ಆಗಿತ್ತು."

ಮೂವತ್ತಾರು ವರ್ಷದಿಂದ ಆ ಕತೆ ಓಡುತ್ತಿತ್ತು. ಒಂದು ದಿನವೂ ಕೆಟ್ಟು ನಿಂತಿರಲಿಲ್ಲ. ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಸಾವಿನ ಮನೆಯಲ್ಲಿ ಹನ್ನೊಂದನೇ ದಿನದ ಊಟಕ್ಕೆ ಕೂತಾಗಲೂ ಓಡುತ್ತಿತ್ತು. ಪುಟ್ಟರಂಗಯ್ಯ ಎಂದರೆ ಯಾರು ಎಂದು ಯಾರಾದರೂ ಕೇಳಿದರೆ, "ಅದೇ, ಜೀಪಿನ್ ಹೆಡ್ ಹಾಕಿದ್ನಲ್ಲ ಅವ್ನು" ಎನ್ನುವ ಮಟ್ಟಿಗೆ ಅದೇ ಅವನ ವಿಳಾಸವಾಗಿಹೋಗಿತ್ತು.

ಡಿಸೆಂಬರಿನ ಒಂದು ಮಧ್ಯಾಹ್ನ ಪ್ರಮೀಳಾ ಗ್ಯಾರೇಜಿಗೆ ಬಂದಳು. ಪುಟ್ಟರಂಗಯ್ಯನ ಹೆಂಡತಿಯ ತಂಗಿಯ ಮಗಳು. ಗುಬ್ಬಿಯಿಂದ ಸ್ವಲ್ಪ ಆಚೆ, ತೋಟದ ಮಧ್ಯೆ, ತೆಂಗಿನ ನಾರಿನ ಮಿಲ್ಲು ನಡೆಸುತ್ತಿದ್ದಳು. ಮಟ್ಟೆ ಬಡಿದು ನಾರು ಬಿಡಿಸುವ ದೊಡ್ಡ ಮೆಷಿನ್ನು ಒಂದು, ಹಗ್ಗ ಹೊಸೆಯುವವು ನಾಲ್ಕು, ಕೆಲಸಕ್ಕೆ ಒಂಬತ್ತು ಜನ ಹೆಂಗಸರು. ಅವಳು ಕೂರಲೂ ಇಲ್ಲ.

"ದೊಡ್ಡಪ್ಪ, ಮಿಲ್ಲಿಗೆ ಎಂಜಿನ್ ತಗೊಂಡ್ಬಂದೆ."

"ಯಾವ್ ಎಂಜಿನ್ನವ್ವ?"

"ನಿಮ್ ಕತೇದು. ಮಿಲಿಟರಿ ಲಾರೀದು, ಆರು ಸಿಲಿಂಡರ್ರು. ಗುಜರೀಲಿ ಇತ್ತು."

ಪುಟ್ಟರಂಗಯ್ಯ ನಕ್ಕ. ಅವಳು ನಗಲಿಲ್ಲ.

ವಿಷಯ ಇಷ್ಟು. ಮಿಲ್ಲಿಗೆ ಬರುವ ಕರೆಂಟು ಮನೆಗೆ ಬರುವ ನೆಂಟರಂತೆ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಪ್ರಮೀಳಾ ಒಂದು ಎತ್ತರದ ಕಬ್ಬಿಣದ ಡ್ರಮ್ಮು ಮಾಡಿಸಿದ್ದಳು. ಅದರೊಳಗೆ ತೆಂಗಿನ ಚಿಪ್ಪು ತುಂಬಿ, ಗಾಳಿ ಕಮ್ಮಿ ಬಿಟ್ಟು ಸುಟ್ಟರೆ ಒಂದು ಬಗೆಯ ಉರಿಯುವ ಹೊಗೆ ಬರುತ್ತದೆ. ಆ ಹೊಗೆಯನ್ನು ನೀರಿನಲ್ಲಿ ತೊಳೆದು, ತಣ್ಣಗೆ ಮಾಡಿ, ಪೆಟ್ರೋಲಿನ ಬದಲು ಎಂಜಿನ್ನಿಗೆ ಕುಡಿಸುವುದು. ಚಿಪ್ಪಿಗೇನು, ಗುಬ್ಬಿ ಸೀಮೆಯಲ್ಲಿ ಕಾಲಿಗೆ ತೊಡರುವಷ್ಟು ಬಿದ್ದಿದೆ. ಆದರೆ ಪೆಟ್ರೋಲು ಕುಡಿದರೆ ಹುಲಿಯಂತೆ ಗುಡುಗುವ ಎಂಜಿನ್ನು ಹೊಗೆ ಕುಡಿದರೆ ಪಥ್ಯದವನಂತೆ ಓಡುತ್ತದೆ. ಮೆಷಿನ್ನಿಗೆ ಎರಡು ಮಟ್ಟೆ ಒಟ್ಟಿಗೆ ಹಾಕಿದರೆ ಸಾಕು, ನಿಂತೇ ಹೋಗುತ್ತದೆ.

"ಮೊದ್ಲಿದ್ದ ಎಂಜಿನ್ನಲ್ಲಿ ಅರ್ಧ ಪವರ್ರೇ ಬರ್ಲಿಲ್ಲ ದೊಡ್ಡಪ್ಪ. ಕಂಪ್ರೆಷನ್ ಏರ್ಸಿದ್ರೆ ಸರಿ ಹೋಗತ್ತೆ ಅಂತ ಡ್ರಮ್ ಮಾಡ್ಕೊಟ್ಟೋರು ಹೇಳಿದ್ರು. ಕಂಪ್ರೆಷನ್ ಅಂದ ತಕ್ಷಣ ನಂಗೆ ನೀವೇ ನೆನಪಾಗಿದ್ದು. ಆ ಧೈರ್ಯದ ಮೇಲೇ ಈ ಎಂಜಿನ್ ತಂದೆ. ಅವತ್ತು ಲಾರಿಗೆ ಮಾಡಿದ್ರಲ್ಲ, ಇದಕ್ಕೂ ಹಂಗೇ ಮಾಡ್ಕೊಡಿ."

ಗ್ಯಾರೇಜಿನಲ್ಲಿ ಆಗ ನಾಲ್ಕು ಜನ ಇದ್ದರು. ನಾಲ್ವರೂ ಪುಟ್ಟರಂಗಯ್ಯನ ಮುಖ ನೋಡಿದರು.

"ಅದ್ಕೇನಂತೆ," ಅಂದ ಅವನು. "ಎರಡ್ ದಿನದ್ ಕೆಲ್ಸ. ಓಡ್ಸೋವಾಗ ಮಿಲ್ಲಿನ್ ಶೀಟು ಗಟ್ಟಿಯಾಗಿ ಕಟ್ಕಬೇಕು ಅಷ್ಟೇಯ, ಹಾರೋದಾತು."

ಕಂಪ್ರೆಷನ್ ಎಂದರೆ ಮತ್ತೇನಲ್ಲ. ಪಟಾಕಿಯ ಮದ್ದನ್ನು ಸಡಿಲವಾಗಿ ಸುತ್ತಿದರೆ ಪುಸ್ಸೆನ್ನುತ್ತದೆ, ಬಿಗಿಯಾಗಿ ಸುತ್ತಿದರೆ ಢಮ್ಮೆನ್ನುತ್ತದೆ. ಎಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಕಬ್ಬಿಣದ ಹೆಡ್ಡಿನ ಅಡಿಯಲ್ಲಿ ಒಂದೊಂದು ಸಿಲಿಂಡರಿಗೆ ಒಂದೊಂದು ಗುಂಡಿ ಇರುತ್ತದೆ. ಬೆಂಕಿ ಹತ್ತುವುದು ಆ ಗುಂಡಿಯಲ್ಲಿ. ಲಾರಿಯ ಹೆಡ್ಡಿನಲ್ಲಿ ಗುಂಡಿ ದೊಡ್ಡದು, ಜೀಪಿನದರಲ್ಲಿ ಚಿಕ್ಕದು. ಬೋಲ್ಟಿನ ತೂತುಗಳು ಮಾತ್ರ ಅಣ್ಣತಮ್ಮಂದಿರ ಹಾಗೆ ಒಂದೇ. ಚಿಕ್ಕ ಗುಂಡಿಯ ಹೆಡ್ಡು ಕೂರಿಸಿ, ಬೇಕಾದರೆ ತಳವನ್ನು ಇನ್ನೊಂದಿಷ್ಟು ತೆಳುವಾಗಿ ಸವರಿಸಿದರೆ, ಒಳಗಿನ ಗಾಳಿ ಬಿಗಿಯಾಗುತ್ತದೆ, ಎಂಜಿನ್ನಿಗೆ ಕಸುವು ಬರುತ್ತದೆ. ಆದರೆ ಎಷ್ಟು ಸವರಬೇಕು ಅನ್ನುವುದರಲ್ಲಿ ಇಡೀ ವಿದ್ಯೆ ಇದೆ. ಗುಂಡಿ ಅಳೆಯದೆ ಅದು ತಿಳಿಯುವುದಿಲ್ಲ.

ತುಮಕೂರಿನ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಪುಟ್ಟರಂಗಯ್ಯ ಒಂದು ಜೀಪಿನ ಹೆಡ್ಡು ಹುಡುಕಿದ. ಮಾರನೆಯ ದಿನ ಬೆಳಗ್ಗೆ ಏಳಕ್ಕೆಲ್ಲ ಮಿಲ್ಲಿನಲ್ಲಿದ್ದ. ಚಳಿ ಎಂದರೆ ಅಂಥಿಂಥ ಚಳಿಯಲ್ಲ, ಬಾಯಿಂದ ಬಂದ ಮಾತು ಎದುರಿಗಿದ್ದವರ ಕಿವಿ ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತಿತ್ತು. ಹೆಡ್ಡನ್ನು ಮಗುಚಿ ಬೆಂಚಿನ ಮೇಲೆ ಇಟ್ಟ. ವಾಲ್ವು, ಪ್ಲಗ್ಗು ಎಲ್ಲ ಹಾಕಿ ಮುಚ್ಚಿದ. ಗುಂಡಿಯ ಅಂಚಿಗೆ ಗ್ರೀಸು ಸವರಿ, ನಡುವೆ ಸಣ್ಣ ತೂತು ಕೊರೆದ ಗಾಜಿನ ತುಂಡನ್ನು ಒತ್ತಿ ಕೂರಿಸಿದ. ಇನ್ನು ತೂತಿನಿಂದ ಎಣ್ಣೆ ಬಿಟ್ಟು, ಎಷ್ಟು ಹಿಡಿಯಿತು ಅಂತ ನೋಡಬೇಕು.

"ಎಣ್ಣೆ ಕೊಡವ್ವ," ಅಂದ.

"ಯಾವ ಎಣ್ಣೆ ದೊಡ್ಡಪ್ಪ?"

ಪುಟ್ಟರಂಗಯ್ಯನ ಎರಡೂ ಅಂಗೈಗಳು ಗಾಜನ್ನು ಅಮುಕಿಕೊಂಡಿದ್ದವು. ಗಾಜಿನ ತಣ್ಣನೆಯ ಅಂಚು, ಎಷ್ಟು ಒತ್ತಿದರೆ ಗ್ರೀಸು ಹಿಡಿಯುತ್ತದೆ, ಎಷ್ಟು ಒತ್ತಿದರೆ ಬಿರುಕು ಬಿಡುತ್ತದೆ, ಅದೆಲ್ಲ ಆ ಕೈಗಳಿಗೆ ನಿನ್ನೆಯಷ್ಟೇ ಮಾಡಿದಂತೆ ಗೊತ್ತಿತ್ತು. ಆದರೆ ಸುರಿದದ್ದು ಏನನ್ನು, ಯಾವುದರಲ್ಲಿ ಅಳೆದದ್ದು, ಲೆಕ್ಕ ಹೇಗೆ ಹಿಡಿದದ್ದು ಎಂದು ಕೇಳಿದರೆ ಕೈ ಬಾಯಿ ಬಿಡಲಿಲ್ಲ. ಸ್ಪ್ಯಾನರು ಹಿಡಿದು ನಲವತ್ತೈದು ವರ್ಷವಾಗಿತ್ತು. ಮಾಡಿದ ಕೆಲಸವನ್ನು ಅವನ ಕೈ ಮರೆತದ್ದು ಇದೇ ಮೊದಲು.

"ಯಾವ್ದೋ ಒಂದು ಕೊಡು," ಅಂದ.

ಡೀಸೆಲ್ ತರಲು ಗುಬ್ಬಿಗೆ ಹೋಗಬೇಕಿತ್ತು. ಸೀಮೆಎಣ್ಣೆ ಕಣ್ಣಿಗೆ ಕಂಡು ಎಷ್ಟೋ ವರ್ಷವಾಗಿತ್ತು. ಮಿಲ್ಲಿನಲ್ಲಿ ಇದ್ದದ್ದು ಕೊಬ್ಬರಿ ಎಣ್ಣೆ. ಚಳಿಗೆ ಅದು ಡಬ್ಬಿಯಲ್ಲಿ ಬೆಣ್ಣೆಯಂತೆ ಕೂತಿತ್ತು. ಒಬ್ಬ ಹೆಂಗಸು ಒಲೆಯ ಪಕ್ಕ ಇಟ್ಟು ಕರಗಿಸಿ ಕೊಟ್ಟಳು. ಕೆಮ್ಮಿನ ಔಷಧಿಯ ಬಾಟಲಿಗೆ ಬರುತ್ತದಲ್ಲ, ಗೆರೆ ಹಾಕಿದ ಮುಚ್ಚಳ, ಅದರಲ್ಲಿ ಅಳೆದು, ಪುಟ್ಟ ಲಾಳಿಕೆ ಇಟ್ಟು, ಆರೂ ಗುಂಡಿಗೆ ಸುರಿದ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡ. ಗುಂಡಿ ಅಂದುಕೊಂಡಿದ್ದಕ್ಕಿಂತ ದೊಡ್ಡದಾಗಿಯೇ ಇತ್ತು. ಸರಿ, ಹೆಚ್ಚು ಸವರಿಸಿದರಾಯಿತು ಎಂದು ತುಮಕೂರಿನ ಲೇತ್‌ನವನ ಹತ್ತಿರ ತಳವನ್ನು ಚೆನ್ನಾಗಿಯೇ ಸವರಿಸಿಕೊಂಡು ಬಂದ.

ಮೂರನೇ ದಿನ ಹೆಡ್ಡು ಕೂತಿತು. ಒಂಬತ್ತು ಜನ ಹೆಂಗಸರೂ ಸುತ್ತ ನಿಂತರು. ರೂಢಿಯಂತೆ ಮೊದಲು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿದರು. ಎಂಜಿನ್ನು ಎದ್ದದ್ದೇನೋ ಎದ್ದಿತು, ಒಳಗಿನಿಂದ ಮಾತ್ರ ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದಂಥ ಸದ್ದು. ಪುಟ್ಟರಂಗಯ್ಯನ ಕೈ ಸ್ವಿಚ್ಚಿಗೆ ಹೋಗುವ ಮೊದಲೇ ಬುಸ್ಸೆಂದು ಒಂದು ಪಕ್ಕದಿಂದ ಹೊಗೆ ನುಗ್ಗಿತು. ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ಟು ಹರಿದುಹೋಗಿತ್ತು.

"ಶೀಟು ಹಾರ್ಲಿಲ್ಲ ಬುಡಿ," ಅಂದಳು ಒಬ್ಬಳು. ಉಳಿದವರು ಸೆರಗು ಬಾಯಿಗೆ ಇಟ್ಟುಕೊಂಡರು.

ಪ್ರಮೀಳಾ ಅವರನ್ನು ಗದರಿಸಿ ಕಳಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನಂಬಿಕೆಯೇ ಇತ್ತು. ಅದೇ ಅವನಿಗೆ ಜಾಸ್ತಿ ಚುಚ್ಚಿತು.

"ಪರವಾಗಿಲ್ಲ ದೊಡ್ಡಪ್ಪ. ಅವತ್ತು ಹೆಂಗ್ ಮಾಡಿದ್ರೋ ಹಂಗೇ ಇನ್ನೊಂದ್ಸಲ ಮಾಡಿ. ಏನೋ ಒಂದು ಬಿಟ್ಟೋಗಿದೆ ಅಷ್ಟೇ."

ಮನೆಗೆ ಬಂದು ಪುಟ್ಟರಂಗಯ್ಯ ಊಟಕ್ಕೆ ಕೂತ. ಮುದ್ದೆ ಮುರಿದ, ಸಾರಿಗೆ ಅದ್ದಿದ, ಬಾಯಿಗೆ ಇಡಲಿಲ್ಲ. ಹೆಂಡತಿ ಲಕ್ಷ್ಮೀದೇವಮ್ಮ ಸ್ವಲ್ಪ ಹೊತ್ತು ನೋಡಿದಳು.

"ಏನ್ರೀ, ಇವತ್ತು ಮನೇಲಿ ಯಾರೋ ಬಾಯಿ ಮುಚ್ಕೊಂಡವ್ರಲ್ಲ?"

ಅವನು ನಡೆದದ್ದನ್ನೆಲ್ಲ ಹೇಳಿದ. ಒಂದು ಉಪ್ಪುಕಾರವನ್ನೂ ಸೇರಿಸಲಿಲ್ಲ, ಅಷ್ಟರಮಟ್ಟಿಗೆ ಸೋತಿದ್ದ.

"ನಂಗೊಂದ್ ಅರ್ಥ ಆಗ್ತಿಲ್ಲ ಕಣೇ. ಕತೆ ಅಷ್ಟೂ ನೆನಪೈತೆ. ಬೀಡಿ ಬಿದ್ದಿದ್ದು, ಪಂಚೆ ಹಾರಿದ್ದು ಎಲ್ಲ ನೆನಪೈತೆ. ಎಣ್ಣೆ ಸುರ್ದಿದ್ ಒಂದು ನೆನಪಾಗ್ತಿಲ್ಲ."

"ಅದೆಂಗ್ ನೆನಪಿರತ್ತೆ? ಸುರ್ದೋರು ದ್ಯಾವಣ್ಣ ಅಲ್ವಾ."

ಪುಟ್ಟರಂಗಯ್ಯ ತಲೆ ಎತ್ತಿದ.

"ಮದ್ವೆ ಆದ ಹೊಸದ್ರಲ್ಲಿ ನೀವು ಹೇಳೋವಾಗ ಆ ಕತೇಲಿ ಇಬ್ರಿದ್ರು," ಅಂದಳು ಲಕ್ಷ್ಮೀದೇವಮ್ಮ, ಸಾರು ಬಡಿಸುತ್ತ. "'ದ್ಯಾವಣ್ಣ ಅಳತೆ ಮಾಡ್ದ, ನಾನು ಗಾಜು ಹಿಡ್ಕಂಡಿದ್ದೆ' ಅಂತಿದ್ರಿ. ನಮ್ ಮಗ ಲಕ್ಷ್ಮೀಕಾಂತ ಹುಟ್ಟೋ ಹೊತ್ಗೆ 'ನಾವಿಬ್ರೂ ಸೇರಿ' ಅಂತ ಆಗಿತ್ತು. ಅವ್ನು ಸ್ಕೂಲಿಗೆ ಹೋಗೋವಾಗ 'ನಾನೂ ಇನ್ನೊಬ್ನೂ' ಅಂತಿದ್ರಿ. ಆಮೇಲೆ ಇನ್ನೊಬ್ನೂ ಹೋದ. ನಾನೂ ಅಂದ್ಕಂಡೆ, ಪಾಪ, ಎಲ್ಲಿ ಇಳ್ಸುಬುಟ್ರೋ ಅಂತ."

"ಅವತ್ತೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಕೇಳ್ತಿದ್ರಾ? ಜನ ನಗ್ತಿದ್ರು. ನಿಮ್ಗೆ ಅದು ಸಾಕಾಗಿತ್ತು."

ಹೌದು. ದ್ಯಾವಪ್ಪ. ಕುಣಿಗಲ್ಲಿನ ಕೆರೆ ಕಡೆಯ ರಸ್ತೆಯಲ್ಲಿ ಒಂದೇ ಶೆಡ್ಡಿನಲ್ಲಿ ಇಬ್ಬರೂ ಐದು ವರ್ಷ ದುಡಿದಿದ್ದರು. ದ್ಯಾವಪ್ಪ ದೊಡ್ಡವನು, ಹೆಚ್ಚು ಮಾತಿಲ್ಲದವನು. ಅವರಿಬ್ಬರ ನಡುವೆ ಜಗಳವೆಂಬುದು ಆಗಲೇ ಇಲ್ಲ. ಒಬ್ಬ ತುಮಕೂರಿಗೆ ಬಂದ, ಇನ್ನೊಬ್ಬ ಅಲ್ಲೇ ಉಳಿದ, ಅಷ್ಟೇ. ಬೇಕೆಂದೇ ತೆಗೆದುಹಾಕಿದ್ದರೆ ಪುಟ್ಟರಂಗಯ್ಯನಿಗೆ ತನ್ನ ಮೇಲೆ ಸಿಟ್ಟಾದರೂ ಬರುತ್ತಿತ್ತು. ಆದದ್ದು ಹಾಗಲ್ಲ. ದ್ಯಾವಪ್ಪ ಒಂದು ನಗೆಯ ಮಾತೂ ಇಲ್ಲದ ಮನುಷ್ಯ. ಅವನ ಹೆಸರು ಬಂದ ಕಡೆ ಕತೆಯ ವೇಗ ಇಳಿಯುತ್ತಿತ್ತು. ಒಂದೊಂದು ಸಲ ಹೇಳುವಾಗಲೂ ಅವನನ್ನು ಒಂದೊಂದು ಇಂಚು ಹಿಂದಕ್ಕೆ ಕೂರಿಸಿದ್ದಷ್ಟೇ. ಕೊನೆಗೆ ಯಾವುದೋ ತಿರುವಿನಲ್ಲಿ ಅವನು ಲಾರಿಯ ಹಿಂದಿನಿಂದ ಜಾರಿಬಿದ್ದದ್ದು ಡ್ರೈವರನಿಗೆ ಗೊತ್ತೂ ಆಗಲಿಲ್ಲ. ಖಾಲಿಯಾದ ಜಾಗದಲ್ಲಿ ಪುಟ್ಟರಂಗಯ್ಯನೇ ಕೂತು, ತಾನು ಮೊದಲಿನಿಂದಲೂ ಅಲ್ಲೇ ಕೂತಿದ್ದೆ ಎಂದು ನಂಬಿಕೊಂಡಿದ್ದ.

ಮಾರನೆಯ ದಿನ ಕುಣಿಗಲ್ ಬಸ್ಸು ಹತ್ತಿದ.

ದ್ಯಾವಪ್ಪನ ಮನೆ ಯಡಿಯೂರಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು, ಬೋರ್‌ವೆಲ್ ಪೈಪಿನ ವಾಲ್ವು ಬಿಚ್ಚಿ ಹರಡಿಕೊಂಡು ಕೂತಿದ್ದ. ಎಪ್ಪತ್ತೊಂದು ವರ್ಷ. ಕೈ ನಡುಗುತ್ತಿತ್ತು. ವಾಷರನ್ನು ಬೋಲ್ಟಿಗೆ ಪೋಣಿಸಲು ನಾಲ್ಕು ಸಲ ನೋಡಿ, ಐದನೆಯದಕ್ಕೆ ಪೋಣಿಸಿದ. ಆಮೇಲೆ ತಲೆ ಎತ್ತಿದ.

"ಯಾರ್ಲಾ ಅದು? ಪುಟ್ಟ? ದಾರಿ ತಪ್ಪುಸ್ಕಂಡ್ ಬಂದ್ಯಾ?"

"ಇಲ್ಲ ಕಣ್ ದ್ಯಾವಣ್ಣ. ನಿನ್ನೇ ನೋಡಾಣ ಅಂತ."

"ನೋಡ್ದಾ? ಸರಿ, ಕೂತ್ಕ. ಯಾವ್ ಎಂಜಿನ್ ಕೆಡಿಸ್ದೆ?"

ಪುಟ್ಟರಂಗಯ್ಯ ಹೇಳಿದ. ಹೊಗೆಯ ಡ್ರಮ್ಮು, ಜೀಪಿನ ಹೆಡ್ಡು, ಕುಲುಕಿದ ಸದ್ದು, ಹರಿದ ಗ್ಯಾಸ್ಕೆಟ್ಟು. ದ್ಯಾವಪ್ಪ ವಾಷರು ತಿರುಗಿಸುತ್ತ ಕೇಳಿದ.

"ಅಳ್ದೆ ತಾನೆ?"

"ಅಳ್ದೆ. ಆರೂ ಅಳ್ದೆ."

"ಏನಾಕಿ ಅಳ್ದೆ?"

"ಕೊಬ್ರಿ ಎಣ್ಣೆ."

"ಯಾವ್ ಹೊತ್ನಲ್ಲಿ?"

"ಬೆಳಗ್ಗೆ. ಏಳ್ಗಂಟೆ ಇರ್ಬೋದು."

ದ್ಯಾವಪ್ಪ ವಾಷರು ಕೆಳಗಿಟ್ಟ. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಕೆಮ್ಮು ಬಂದು ಸೊಸೆ ಒಳಗಿನಿಂದ ನೀರು ತರಬೇಕಾಯಿತು. "ಡಿಸೆಂಬರ್ ಚಳೀಲಿ ಕೊಬ್ರಿ ಎಣ್ಣೆ!" ಅಂದ, ಕಣ್ಣೊರೆಸಿಕೊಳ್ಳುತ್ತ. "ಲೋ, ಹತ್ತು ಗೆರೆ ಅಂತ ನೀನು ಅಳ್ದು ಸುರೀತೀಯ. ಒಂದ್ ಗೆರೆ ಮುಚ್ಳಕ್ಕೇ ಮೆತ್ಕಂತದೆ. ಇನ್ನರ್ಧ ಲಾಳಿಕೆಗೆ ಮೆತ್ಕಂತದೆ. ಗುಂಡಿಗೆ ಬಿದ್ದಿದ್ದು ಎಂಟೂವರೆ, ನೀನ್ ಬರ್ಕಂಡಿದ್ದು ಹತ್ತು. ಗುಂಡಿ ದೊಡ್ದು ಅಂದ್ಕಂಡು ಹೆಚ್ಚಿಗೆ ಸವರ್ಸಿದೀಯ. ಎಂಜಿನ್ ಎದೆ ಬಡ್ಕಳ್ದೆ ಇನ್ನೇನ್ ಮಾಡ್ತದೆ? ಅದ್ರ ಮೇಲೆ ಪೆಟ್ರೋಲ್ ಬೇರೆ ಕುಡ್ಸಿದೀಯ. ಅಷ್ಟ್ ಬಿಗೀಲಿ ಪೆಟ್ರೋಲು ತಡೀತದಾ? ಹೊಗೇಲೇ ಸ್ಟಾರ್ಟ್ ಮಾಡ್ಬೇಕು."

"ಅವತ್ತು ನೀನ್ ಏನಾಕಿ ಅಳ್ದಿದ್ದೆ ದ್ಯಾವಣ್ಣ?"

'ಅಳ್ದಿದ್ದೆ' ಎಂಬ ಮಾತು ತನ್ನನ್ನು ಕುರಿತು ಬಂದದ್ದನ್ನು ದ್ಯಾವಪ್ಪ ಗಮನಿಸಿದ. ನಗು ನಿಂತಿತು.

"ಸೀಮೆಎಣ್ಣೆ," ಅಂದ. "ಡಾಕ್ಟ್ರ ಹತ್ರ ದೊಡ್ಡ ಸಿರಿಂಜ್ ಇಸ್ಕಂಡಿದ್ದೆ." ವಾಲ್ವನ್ನು ಪಕ್ಕಕ್ಕೆ ಸರಿಸಿದ. "ನೀನ್ ಕತೆ ಹೇಳೋದು ನಂಗೆ ಗೊತ್ತು ಕಣ್ಲಾ. ಈ ಕಡೆಗೂ ಬರ್ತದೆ ಅದು. ಪಂಚೆ ಇಸ್ತ್ರಿ ಆಗೋದು ನಂಗೂ ಚೆಂದಾಗದೆ. ನಾನು ಯಾವತ್ತೂ ಏನೂ ಅಂದಿಲ್ಲ."

"ಅಂದಿಲ್ಲ."

"ನನ್ ಮೊಮ್ಮಗಳು ದೀಪಿಕಾ ಅವ್ಳಲ್ಲ, ಶೆಟ್ಟಿಹಳ್ಳೀಲಿ ರಕ್ತ ಪರೀಕ್ಷೆ ಲ್ಯಾಬಲ್ಲಿ ಕೆಲ್ಸ ಅವ್ಳಿಗೆ. ಹೋದ್ವರ್ಷ ತುಮಕೂರ್ನಾಗೆ ಯಾವ್ದೋ ಮದ್ವೇಲಿ ನಿನ್ ಕತೆ ಕೇಳ್ಕಂಡ್ ಬಂದು ನಂಗೇ ಹೇಳಿದ್ಲು. ನಗ್ತಾ ನಗ್ತಾ ಹೇಳಿದ್ಲು. ನಾನು, ಅದು ಮಾಡ್ದೋನು ನಾನೇ ಕಣವ್ವ ಅಂದೆ. 'ತಾತ, ನೀನೂ ಬುಡಕ್ಕೆ ಶುರು ಹಚ್ಕಂಡ್ಯಾ' ಅಂದ್ಲು." ದ್ಯಾವಪ್ಪ ಕೈಯನ್ನು ತೊಡೆಯ ಅಡಿಗೆ ಇಟ್ಟುಕೊಂಡ. "ಅವ್ಳು ಕೆಟ್ಟೋಳಲ್ಲ. ಈ ಕೈ ನೋಡ್ಕಂಡ್ ಬೆಳ್ದೋಳು. ಲೋಟ ಹಿಡ್ದ್ರೆ ಅರ್ಧ ಚೆಲ್ತದೆ. ಇದು ಗುಂಡಿ ಅಳ್ದಿತ್ತು ಅಂದ್ರೆ ಯಾರ್ ನಂಬ್ತಾರೆ?"

ದ್ಯಾವಪ್ಪ ನೆಲಕ್ಕೆ ಕೈ ಊರಿ ಎದ್ದ.

"ನಡಿ, ಗುಬ್ಬಿಗ್ ಹೋಗಾಣ. ಎಂಜಿನ್ ಸರಿ ಮಾಡಾಣ, ಅದ್ಕೇನೂ ಷರತ್ತಿಲ್ಲ. ಎಂಜಿನ್ನೇನ್ ತಪ್ಪು ಮಾಡೈತೆ? ಆದ್ರೆ ದೀಪಿಕಾಗೊಂದ್ ಮಾತ್ ಹೇಳ್ಬುಡು. ಊರಿಗೆಲ್ಲ ಬ್ಯಾಡ. ಅವ್ಳೊಬ್ಬಳ್ಗೆ."

ಬಸ್ಸಿನಲ್ಲಿ ದ್ಯಾವಪ್ಪ ಕಿಟಕಿಗೆ ಒರಗಿ ನಿದ್ದೆ ಹೋದ. ಪುಟ್ಟರಂಗಯ್ಯ ಎಚ್ಚರವಾಗಿದ್ದ. ಒಬ್ಬಳಿಗೆ ಹೇಳುವುದು ಅಂದರೆ ಊರಿಗೆ ಹೇಳಿದ ಹಾಗೇ, ಅದು ಅವನಿಗೆ ಗೊತ್ತಿತ್ತು. ಕತೆಯ ನೆಲ ಅವನದೇ. ಒಂದು ಬಾಯಿಗೆ ಬಿದ್ದದ್ದು ಹತ್ತು ಬಾಯಿಗೆ ಹೇಗೆ ಹೋಗುತ್ತದೆ ಎನ್ನುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಕತೆ ಹೋದರೆ ಅವನ ಹತ್ತಿರ ಉಳಿಯುವುದೇನು? ನಾಲ್ಕು ಸಾವಿರ ಕ್ಲಚ್ ಪ್ಲೇಟು ಬದಲಾಯಿಸಿದ್ದಾನೆ. ಯಾರೂ ಅದನ್ನು ಮದುವೆ ಮನೆಯಲ್ಲಿ ಕೇಳುವುದಿಲ್ಲ. ಇಷ್ಟು ದಿನ ಜನ ಪ್ರೀತಿಯಿಂದ ಕರೆದು ಪಕ್ಕದಲ್ಲಿ ಕೂರಿಸಿಕೊಂಡದ್ದು ಯಾರನ್ನು? ತನ್ನನ್ನೋ, ಆ ಜೀಪಿನ ಹೆಡ್ಡು ಹಾಕಿದವನನ್ನೋ? ಅವನು ಬೇರೆ, ತಾನು ಬೇರೆ ಎಂದಾದರೆ, ತನಗೆ ಸಿಕ್ಕ ಹೋಳಿಗೆಗಳೆಲ್ಲ ಬೇರೆಯವರ ಎಲೆಗೆ ಬೀಳಬೇಕಾದವು. ಅದಕ್ಕೂ ದೊಡ್ಡ ತೊಡಕು ಇನ್ನೊಂದು ಇತ್ತು. ಅವನು ಹೇಳಿದ್ದನ್ನು ಈವರೆಗೆ ಯಾರೂ ಪೂರ್ತಿ ನಂಬಿರಲಿಲ್ಲ. ನಂಬದೆ ಇರುವುದೇ ಅದರ ರುಚಿ. ಅಂಥ ಬಾಯಿಂದ ನಿಜ ಬಂದರೆ ಅದನ್ನು ಗುರುತು ಹಿಡಿಯುವವರು ಯಾರು?

ಮಿಲ್ಲಿನಲ್ಲಿ ದ್ಯಾವಪ್ಪ ಹೆಡ್ಡು ಬಿಚ್ಚಿಸಿದ. ಗುಬ್ಬಿಯಿಂದ ಡೀಸೆಲ್ ತರಿಸಿದ. ಪ್ರಾಣಿಗಳ ಆಸ್ಪತ್ರೆಯಿಂದ ದೊಡ್ಡ ಸಿರಿಂಜು ತರಿಸಿದ. ಆದರೆ ಸಿರಿಂಜು ಕೈಗೆ ಬಂದಾಗ ಅದರ ತುದಿ ಗಾಳಿಯಲ್ಲಿ ಕೋಲಾಟ ಆಡಿತು. ದ್ಯಾವಪ್ಪ ಅದನ್ನು ಒಂದು ಗಳಿಗೆ ನೋಡಿ ಪುಟ್ಟರಂಗಯ್ಯನ ಕಡೆ ಚಾಚಿದ.

"ತಗೋ. ಗಾಜು ನಾನ್ ಹಿಡ್ಕತೀನಿ. ಒತ್ಕಂಡಿದ್ರೆ ಕೈ ನಡುಗಲ್ಲ. ನಿಧಾನ್ಕೆ ಬುಡು, ಗುಳ್ಳೆ ಏಳ್ಬಾರ್ದು. ಏಳ್ತು ನೋಡು, ಏಳ್ತು! ಏನ್ಲಾ, ಹಸೂಗೆ ಮದ್ದು ಕುಡ್ಸಿದಂಗ್ ಮಾಡ್ತೀಯ? ತಗಿ, ಮತ್ತೆ ಮೊದ್ಲಿಂದ."

ಹಾಗೆ ಬೈಸಿಕೊಳ್ಳುತ್ತ, ಒಂದೊಂದು ಗುಂಡಿಯನ್ನೂ ಎರಡೆರಡು ಸಲ ಅಳೆದ. ಗೋಡೆಯ ಹಳೇ ಲೆಕ್ಕ ಒರೆಸಿ ಹೊಸದು ಬರೆದ. ಹೆಚ್ಚಿಗೆ ಸವರಿಹೋದ ಕಬ್ಬಿಣ ವಾಪಸ್ ಬರುವುದಿಲ್ಲ. ಅದಕ್ಕೆ ದ್ಯಾವಪ್ಪ ಇನ್ನೊಂದು ದಾರಿ ಹೇಳಿದ. ತಾಮ್ರದ ತಗಡನ್ನು ಹೆಡ್ಡಿನ ಆಕಾರಕ್ಕೆ ಕತ್ತರಿಸಿ, ಎರಡು ಗ್ಯಾಸ್ಕೆಟ್ಟಿನ ನಡುವೆ ಇಟ್ಟು ಬಿಗಿಯುವುದು. ಹೆಡ್ಡು ಅಷ್ಟು ಮೇಲಕ್ಕೆದ್ದರೆ ಗುಂಡಿ ಅಷ್ಟು ಹಿಗ್ಗಿದ ಹಾಗೆ. ತಗಡು ಕತ್ತರಿಸಿ, ತೂತು ಕೊರೆದು, ಕಾಯಿಸಿ ಮೆತ್ತಗೆ ಮಾಡುವಷ್ಟರಲ್ಲಿ ಎರಡು ದಿನ ಹಿಡಿಯಿತು. ಪ್ರತಿ ಹೆಜ್ಜೆಯಲ್ಲೂ ಪುಟ್ಟರಂಗಯ್ಯನ ಕೈ ಹೊಸದೊಂದು ಕಲಿಯಿತು. ಅರವತ್ತನಾಲ್ಕಕ್ಕೆ ಪಾಠ ಕಲಿಯುವುದು ಅವನಿಗೆ ಇಷ್ಟವೇ ಆಯಿತು. ನಾಚಿಕೆಯೂ ಆಯಿತು.

ಮೂರನೆಯ ದಿನ ಹನ್ನೊಂದು ಗಂಟೆಗೆ, ಪೆಟ್ರೋಲು ಮುಟ್ಟಿಸದೆ, ಹೊಗೆಯಲ್ಲೇ ಸ್ಟಾರ್ಟ್ ಮಾಡಿದರು. ಎಂಜಿನ್ನು ಎರಡು ಸಲ ಮುಲುಗಿತು, ಮೂರನೇ ಸಲಕ್ಕೆ ಎದ್ದಿತು. ಕುಲುಕಾಟ ಇಲ್ಲ, ಬುಸುಗುಟ್ಟಿದ್ದು ಇಲ್ಲ. ದ್ಯಾವಪ್ಪ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಒಂದಿಷ್ಟು ತಿರುಗಿಸಲು ಹೇಳಿದ. ಸದ್ದು ತುಂಬಿಕೊಂಡಿತು. ಪ್ರಮೀಳಾ ಮೆಷಿನ್ನಿಗೆ ಎರಡು ಮಟ್ಟೆ ಹಾಕಿದಳು. ನಾಲ್ಕು ಹಾಕಿದಳು. ಆರು. ಬೆಲ್ಟು ಬಿಗಿದುಕೊಂಡಿತು, ಎಂಜಿನ್ನು ಗಂಟಲು ಸ್ವಲ್ಪ ದಪ್ಪ ಮಾಡಿಕೊಂಡಿತು, ಆದರೆ ನಿಲ್ಲಲಿಲ್ಲ. ಆ ಕಡೆಯಿಂದ ನಾರು ಹೊನ್ನಿನ ಬಣ್ಣಕ್ಕೆ ಸುರಿಯತೊಡಗಿತು.

ಹೆಂಗಸರು ಕೂಗಿದರು. ಪ್ರಮೀಳಾ ತಟ್ಟೆಯಲ್ಲಿ ಬೆಲ್ಲ ಕೊಬ್ಬರಿ ತಂದು ಮೊದಲು ಪುಟ್ಟರಂಗಯ್ಯನ ಕೈಗೆ ಹಾಕಿದಳು.

"ಕತೆ ನಿಜ ಮಾಡ್ಬಿಟ್ರಿ ದೊಡ್ಡಪ್ಪ! ಜನ ಸುಮ್ನೆ ನಗ್ತಿದ್ರು. ಈಗ ಬರ್ಲಿ ನೋಡೋಣ, ಯಾರು ನಗ್ತಾರೆ."

ಅವನ ಅಂಗೈಯಲ್ಲಿ ಬೆಲ್ಲ ಅಂಟಿಕೊಂಡಿತು. ಈಗ ಸುಮ್ಮನಿದ್ದರೂ ಸುಳ್ಳಾಗುವುದಿಲ್ಲ ಎಂದು ಅವನಿಗೆ ಹೊಳೆಯಿತು. ಅಳೆದದ್ದು ತಾನೇ, ಕೂರಿಸಿದ್ದು ತಾನೇ, ಒಂಬತ್ತು ಜನ ಸಾಕ್ಷಿ. ಬರೀ ವರ್ಷ ಹಿಂದೆ ಮುಂದೆ. ಲಾರಿಯ ಕತೆ ಹೇಳುವಾಗ ಇನ್ನು ಮೇಲೆ ಎದೆ ಅಳುಕಬೇಕಿಲ್ಲ. ಆ ಕಡೆ ನೋಡಿದ. ದ್ಯಾವಪ್ಪ ನಲ್ಲಿಯ ಹತ್ತಿರ ಕೂತು ಕೈಗೆ ಹತ್ತಿದ ಮಸಿಯನ್ನು ಸೋಪು ಹಾಕಿ ಉಜ್ಜುತ್ತಿದ್ದ. ಅವನು ಈ ಕಡೆ ತಿರುಗಿಯೂ ನೋಡಲಿಲ್ಲ, ಏನನ್ನೂ ಕೇಳಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂಬಂತೆ ಟವೆಲ್ಲಿಗೆ ಕೈ ಚಾಚಿದ.

ಪುಟ್ಟರಂಗಯ್ಯ ಬೆಲ್ಲವನ್ನು ತಟ್ಟೆಗೆ ವಾಪಸ್ ಹಾಕಿದ.

"ದ್ಯಾವಣ್ಣ, ಆ ಹುಡುಗಿ ನಂಬರ್ ಕೊಡು."

ದೀಪಿಕಾ ಎರಡನೇ ರಿಂಗಿಗೆ ಎತ್ತಿದಳು. ಹಿಂದೆ ಯಾರೋ ಟೋಕನ್ ಕೂಗುತ್ತಿದ್ದರು. ಪುಟ್ಟರಂಗಯ್ಯ ಹೆಸರು ಹೇಳುತ್ತಲೇ ಅವಳ ದನಿ ಅರಳಿತು.

"ಅಯ್ಯೋ, ಪಂಚೆ ತಾತ! ಒಂದ್ನಿಮಿಷ ಇರಿ, ಸ್ಪೀಕರ್ ಹಾಕ್ತೀನಿ. ನಮ್ ಲ್ಯಾಬಲ್ಲಿ ಎಲ್ರೂ ಕೇಳ್ಬೇಕು ಅಂತವ್ರೆ."

"ಸ್ಪೀಕರ್ ಬ್ಯಾಡ ಕಣವ್ವ... ಹಾಕು. ಪರವಾಗಿಲ್ಲ, ಹಾಕು." ಪ್ರಮೀಳಾ ಎಂಜಿನ್ನು ನಿಲ್ಲಿಸಿದಳು. ಹೆಂಗಸರೂ ಹತ್ತಿರ ಬಂದರು. ಕತೆ ಬರುತ್ತದೆ ಎಂದು ಅವರಿಗೆ ಗೊತ್ತಾಗಿತ್ತು. "ಆ ಲಾರಿಗೆ ಹೆಡ್ ಹಾಕಿದ್ದು ನಾನಲ್ಲ. ನಿಮ್ ತಾತ. ಜೀಪಿನ್ ಹೆಡ್ ಕೂರ್ತದೆ ಅಂತ ಕಂಡು ಹಿಡ್ದಿದ್ದು ಅವ್ನು. ಸೀಮೆಎಣ್ಣೇಲಿ ಅಳ್ದಿದ್ದು ಅವ್ನು, ಆ ಅಳತೆ ಎಂಗಿತ್ತು ಅಂದ್ರೆ, ಒಂದ್ ಸಾಸಿವೆ ಕಾಳಷ್ಟು ಹೆಚ್ಚು ಕಮ್ಮಿ ಇದ್ರೆ ಸೀಮೆಎಣ್ಣೇನೆ ಎದ್ದು ಬಂದು..."

ಆ ಕಡೆ ಆಗಲೇ ನಗು ಶುರುವಾಗಿತ್ತು. ಈ ಕಡೆಯೂ. ಪುಟ್ಟರಂಗಯ್ಯ ನಾಲಿಗೆ ಕಚ್ಚಿಕೊಂಡ. ನಾಲಿಗೆ ತನ್ನ ದಾರಿಯಲ್ಲಿ ತಾನೇ ಹೊರಟಿತ್ತು. ದ್ಯಾವಪ್ಪ ಟವೆಲ್ಲು ಮಡಚುತ್ತ ನಿಂತಿದ್ದ, ಮುಖ ಬೇರೆ ಕಡೆ.

"ಇಲ್ಲ, ನಿಲ್ಲು," ಅಂದ ಪುಟ್ಟರಂಗಯ್ಯ. "ಅದು ಬುಡು. ಮತ್ತೆ ಹೇಳ್ತೀನಿ."

ಈ ಸಲ ಒಂದೊಂದೇ ಮಾತನ್ನು ಹುಡುಕಿ ಇಟ್ಟ. ಸಿರಿಂಜಿನಲ್ಲಿ ಡೀಸೆಲ್ ಬಿಟ್ಟ ಹಾಗೆ, ಗುಳ್ಳೆ ಏಳದಂತೆ.

"ಎಂಬತ್ತೆಂಟ್ನೇ ಇಸವಿ. ಕುಣಿಗಲ್ ಶೆಡ್ಡು. ಅಳತೆ ಮಾಡ್ದೋನು, ಹೆಡ್ ಕೂರ್ಸಿದೋನು ದ್ಯಾವಣ್ಣ. ನಾನು ಗಾಜು ಹಿಡ್ಕಂಡಿದ್ದೆ. ಅಷ್ಟೇ ನಾನ್ ಮಾಡಿದ್ದು. ಆಮೇಲೆ ಕತೆ ಹೇಳ್ತಾ ಹೇಳ್ತಾ ಅವ್ನ್ ಹೆಸ್ರು ಬುಟ್ಬುಟ್ಟೆ. ತಪ್ಪು ನಂದು."

ಆ ಕಡೆ ಕಾಯುತ್ತಿದ್ದರು. ಕೊನೆಯಲ್ಲಿ ಬರಬೇಕಾದ ಪಂಚೆಗೋ, ಬೀಡಿಗೋ ಕಾಯುತ್ತಿದ್ದರು.

"ಆಮೇಲೆ?" ಅಂದಳು ದೀಪಿಕಾ.

"ಆಮೇಲೆ ಏನೂ ಇಲ್ಲ ಕಣವ್ವ. ಲಾರಿ ಏರು ಹತ್ತುತು."

ಯಾರೂ ನಗಲಿಲ್ಲ. ಮಿಲ್ಲಿನಲ್ಲಿ ನಿಂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥ ಮೌನವನ್ನು ಪುಟ್ಟರಂಗಯ್ಯ ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ಅವನು ಬಾಯಿ ತೆರೆದ ಕಡೆ ಮೌನಕ್ಕೆ ಜಾಗವೇ ಇರುತ್ತಿರಲಿಲ್ಲ. ಪ್ರಮೀಳಾ ತಟ್ಟೆ ಹಿಡಿದುಕೊಂಡೇ ಇದ್ದಳು, ಅವಳ ಕಣ್ಣು ಅವನಿಂದ ದ್ಯಾವಪ್ಪನ ಕಡೆಗೆ ಹೋಯಿತು.

ಫೋನಿನಲ್ಲಿ ಟಿಕ್ ಎಂದು ಸ್ಪೀಕರ್ ಆರಿದ ಸದ್ದು ಬಂತು. ದೀಪಿಕಾಳ ದನಿ ಹತ್ತಿರವಾಯಿತು, ಸಣ್ಣದಾಯಿತು.

"ತಾತ ಅಲ್ಲೇ ಅವ್ರಾ? ಸ್ವಲ್ಪ ಕೊಡಿ."

ಪುಟ್ಟರಂಗಯ್ಯ ಫೋನು ಚಾಚಿದ. ದ್ಯಾವಪ್ಪ ಒಂದು ಕೈಯಲ್ಲಿ ಹಿಡಿದ, ಅದು ನಡುಗಿದ್ದಕ್ಕೆ ಇನ್ನೊಂದನ್ನೂ ಸೇರಿಸಿ ಕಿವಿಗೆ ಒತ್ತಿಕೊಂಡ. ಅವಳು ಏನು ಹೇಳಿದಳೋ ಯಾರಿಗೂ ಕೇಳಿಸಲಿಲ್ಲ. "ಹ್ಞೂಂ," ಅಂದ. ಮತ್ತೆ, "ಹ್ಞೂಂ ಕಣವ್ವ," ಅಂದ. ಆಮೇಲೆ ಎಲ್ಲರಿಗೂ ಬೆನ್ನು ಮಾಡಿ, ನಾರಿನ ರಾಶಿಯ ಆಚೆಗೆ, ತೋಟದ ಕಡೆಗೆ ಮಾತಾಡುತ್ತ ನಡೆದ. ನಡೆಯುತ್ತ ನಡೆಯುತ್ತ ದನಿ ದೊಡ್ಡದಾಯಿತು. ಜೀಪಿನ ಹೆಡ್ಡಿನ ಬೋಲ್ಟು ಎಷ್ಟು, ಗುಂಡಿ ಎಷ್ಟು, ಡಾಕ್ಟರ ಹತ್ತಿರ ಸಿರಿಂಜು ಏನೆಂದು ಕೇಳಿ ತಂದದ್ದು ಎಂದು ಹೇಳುತ್ತಿದ್ದ. ಅವನಿಗೆ ಅಷ್ಟು ಮಾತು ಬರುತ್ತದೆಂದು ಪುಟ್ಟರಂಗಯ್ಯನಿಗೆ ಗೊತ್ತೇ ಇರಲಿಲ್ಲ. ಹೇಳುವ ರೀತಿಯಲ್ಲಿ ಒಂದು ಚೂರೂ ಸೊಗಸಿರಲಿಲ್ಲ. ಹಿಂದಿನದು ಮುಂದೆ, ಮುಂದಿನದು ಹಿಂದೆ. ನಡುವೆ ಒಂದೆರಡು ಕಡೆ ತಿದ್ದಬೇಕು ಅನ್ನಿಸಿ ಬಾಯಿ ತುರಿಸಿತು. ಪುಟ್ಟರಂಗಯ್ಯ ಬಾಯಿ ಮುಚ್ಚಿಕೊಂಡು ಪೂರ್ತಿ ಕೇಳಿದ.